ಚೀತಾಗಳನ್ನು ಹೊಸ ಕಾಡಿಗೆ ಬಿಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಚೀತಾ ಈಗ ಇಲ್ಲದ ಕಡೆ ಅದನ್ನು ಕೊಂಡೊಯ್ದು ಬಿಡಬೇಕಾ, ಬೇಡ್ವಾ? ಈ ಮಾತು ಎತ್ತಿದರೆ ಸಾಕು, ಜನ ಎರಡು ಪಾಳಯ ಆಗಿಬಿಡುತ್ತಾರೆ. ಒಬ್ಬರಿಗೆ ಇದು ಹೆಮ್ಮೆಯ ಕೆಲಸ, ಇನ್ನೊಬ್ಬರಿಗೆ ದುಂದುವೆಚ್ಚ. ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉತ್ತರಗಳ ನಡುವೆ ನನ್ನ ಅಭಿಪ್ರಾಯವೂ ಇಣುಕುತ್ತದೆ. ಒಪ್ಪಲೇಬೇಕು ಅಂತೇನಿಲ್ಲ.

ಈಗ ಚೀತಾಗಳು ಎಲ್ಲೆಲ್ಲಿ ಉಳಿದಿವೆ?

ಹೆಚ್ಚುಕಡಿಮೆ ಎಲ್ಲವೂ ಆಫ್ರಿಕದಲ್ಲಿ. 2016ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಕಾಡಿನಲ್ಲಿ ಉಳಿದಿರುವುದು ಸುಮಾರು 7,100. ಹಿಂದೆ ಓಡಾಡುತ್ತಿದ್ದ ನೆಲದಲ್ಲಿ ಶೇ 9ರಷ್ಟು ಮಾತ್ರ ಈಗ ಅವುಗಳ ಪಾಲಿಗಿದೆ. ದೊಡ್ಡ ಸಂಖ್ಯೆ ಇರುವುದು ನಮೀಬಿಯ, ಬೋಟ್ಸ್ವಾನ, ದಕ್ಷಿಣ ಆಫ್ರಿಕದ ಕಡೆ. ಕೀನ್ಯಾ, ಟಾಂಜಾನಿಯಗಳಲ್ಲೂ ಇವೆ. ಸಹಾರ ಮರುಭೂಮಿಯ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು. ಏಷ್ಯಾದ ಚೀತಾ ಉಳಿದಿರುವುದು ಇರಾನಿನಲ್ಲಿ ಮಾತ್ರ, ಅದೂ ಬೆರಳೆಣಿಕೆಯಷ್ಟು.

ಇದರಲ್ಲಿ ಒಂದು ಅಂಶವನ್ನು ಜನ ಗಮನಿಸುವುದೇ ಇಲ್ಲ. ಚೀತಾ ಇರುವ ನೆಲದ ಮುಕ್ಕಾಲು ಭಾಗ ಸಂರಕ್ಷಿತ ಪ್ರದೇಶಗಳ ಹೊರಗಿದೆ. ಅಂದರೆ ದನ ಮೇಯುವ ಬಯಲು, ಖಾಸಗಿ ಜಮೀನು, ಕುರಿಗಾಹಿಗಳ ದಾರಿ. ನ್ಯಾಷನಲ್ ಪಾರ್ಕಿನ ಗಡಿ ಚೀತಾಗೆ ಎಂದೂ ಸಾಕಾಗಿಲ್ಲ. ಮುಂದಿನ ಅರ್ಧಕ್ಕರ್ಧ ಪ್ರಶ್ನೆಗಳ ಬೇರು ಇಲ್ಲೇ ಇದೆ.

ಚೀತಾನೂ ಚಿರತೆಯೂ ಒಂದೇ ಅಲ್ವಾ?

ಅಲ್ಲ. ಚಿರತೆ ಹೊಂಚು ಹಾಕಿ ಹಾರುವ ಪ್ರಾಣಿ. ಮರ ಹತ್ತುತ್ತದೆ, ಊರ ಪಕ್ಕದ ಕುರುಚಲು ಕಾಡಿನಲ್ಲೂ ಬದುಕಿಬಿಡುತ್ತದೆ. ಚೀತಾ ಓಡಿ ಹಿಡಿಯುವ ಪ್ರಾಣಿ. ಸಣ್ಣ ತಲೆ, ಉದ್ದ ಕಾಲು, ಕಣ್ಣಿನಿಂದ ಬಾಯಿವರೆಗೆ ಇಳಿದ ಕಪ್ಪು ಗೆರೆ. ಘರ್ಜಿಸಲು ಬರುವುದಿಲ್ಲ. ಜಗಳದಲ್ಲಿ ಚಿರತೆಯೇ ಗೆಲ್ಲುತ್ತದೆ.

ಇರುವಲ್ಲೇ ಕಾಪಾಡುವುದು ಬಿಟ್ಟು ಹೊಸ ಜಾಗ ಯಾಕೆ?

ಕೇಳಲೇಬೇಕಾದ ಪ್ರಶ್ನೆ. ಪರವಾಗಿ ಹೇಳುವವರ ವಾದ ಹೀಗೆ: ಇರುವ ಚೀತಾಗಳು ಕೆಲವೇ ದೇಶಗಳಲ್ಲಿ ಗುಂಪಾಗಿವೆ. ಅಲ್ಲಿ ಬರ, ರೋಗ ಅಥವಾ ರಾಜಕೀಯ ಕೈಕೊಟ್ಟರೆ ಇಡೀ ಜಾತಿಗೇ ಸಂಚಕಾರ. ಬೇರೆ ಕಡೆ ಕೆಲವು ಗುಂಪು ಇದ್ದರೆ ಒಳ್ಳೆಯದು. ಜೊತೆಗೆ ಚೀತಾ ಹೋದ ಜಾಗದಲ್ಲಿ ಹುಲ್ಲುಗಾವಲಿನ ಬೇಟೆ ಸರಪಳಿ ಮುರಿದಿದೆ, ಅದನ್ನು ಮತ್ತೆ ಕೂಡಿಸಬಹುದು ಅನ್ನುತ್ತಾರೆ.

ವಿರೋಧಿಸುವವರು ಕೇಳುವುದು ಇಷ್ಟೇ: ಅದೇ ದುಡ್ಡನ್ನು ನಮೀಬಿಯದ ಜಮೀನುಗಳಲ್ಲೋ ಇರಾನಿನ ರಸ್ತೆಗಳಲ್ಲೋ ಹಾಕಿದರೆ ಹೆಚ್ಚು ಚೀತಾ ಉಳಿಯುತ್ತಿರಲಿಲ್ವಾ? ಇರಾನಿನಲ್ಲಿ ಬೆರಳೆಣಿಕೆಯ ಚೀತಾಗಳು ಹೆದ್ದಾರಿ ದಾಟುವಾಗ ಗಾಡಿಗೆ ಸಿಕ್ಕಿ ಸಾಯುತ್ತಿವೆ. ರಸ್ತೆಗೆ ಬೇಲಿ ಹಾಕುವ ಕೆಲಸ ಟಿವಿಯಲ್ಲಿ ಚೆನ್ನಾಗಿ ಕಾಣುವುದಿಲ್ಲ, ವಿಮಾನದಿಂದ ಇಳಿಯುವ ಪಂಜರ ಕಾಣುತ್ತದೆ. ನನಗೆ ಈ ವಾದದಲ್ಲಿ ಹೆಚ್ಚು ತೂಕ ಕಾಣುತ್ತದೆ. ಹಾಗಂತ ಮೊದಲನೆಯದು ಸುಳ್ಳಲ್ಲ.

‘ಹೊಸ ಜಾಗ’ ಅಂದರೆ ಯಾವುದು? ಎಲ್ಲಿಗೆ ಬೇಕಾದರೂ ಒಯ್ಯಬಹುದಾ?

ಇಲ್ಲ. ವನ್ಯಜೀವಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ 2013ರಲ್ಲಿ ಇದಕ್ಕೆ ಮಾರ್ಗಸೂಚಿ ಕೊಟ್ಟಿದೆ. ಹಿಂದೆ ಇದ್ದು ಈಗ ಅಳಿದುಹೋದ ಕಡೆ ತಂದು ಬಿಡುವುದು ಒಂದು ಬಗೆ. ಈಗಾಗಲೇ ಕೆಲವು ಇರುವ ಕಡೆ ಇನ್ನಷ್ಟು ಸೇರಿಸುವುದು ಇನ್ನೊಂದು. ಎಂದೂ ಇಲ್ಲದ ಕಡೆ ಒಯ್ಯುವುದು ಮೂರನೆಯದು. ಈ ಕೊನೆಯದಕ್ಕೆ ಅತಿ ಕಟ್ಟುನಿಟ್ಟು, ಯಾಕೆಂದರೆ ಹೊಸ ಬೇಟೆಗಾರ ಅಲ್ಲಿನ ಪ್ರಾಣಿಗಳನ್ನು ಏನು ಮಾಡುತ್ತದೆ ಅಂತ ಮೊದಲೇ ಹೇಳುವುದು ಕಷ್ಟ.

ಮೊದಲ ಬಗೆಯಲ್ಲೂ ಒಂದು ಷರತ್ತು ಇದೆ: ಆ ಪ್ರಾಣಿ ಅಳಿಯಲು ಕಾರಣವಾದದ್ದು ಈಗ ಇರಬಾರದು. ಬೇಟೆಯಿಂದ ಅಳಿದಿದ್ದರೆ ಬೇಟೆ ನಿಂತಿರಬೇಕು, ಜಾಗ ಹೋಗಿ ಅಳಿದಿದ್ದರೆ ಜಾಗ ವಾಪಸ್ ಬಂದಿರಬೇಕು. ಬೇಟೆ ನಿಲ್ಲಿಸಬಹುದು. ಜಾಗ ವಾಪಸ್ ತರುವುದು ಅಷ್ಟು ಸುಲಭ ಅಲ್ಲ.

ಇಲ್ಲಿಯವರೆಗೆ ಎಲ್ಲಾದರೂ ಕೈಗೂಡಿದೆಯಾ?

ಕೈಗೂಡಿದೆ. ಆದರೆ ಹೇಗೆ ಕೈಗೂಡಿದೆ ಅಂತ ನೋಡಬೇಕು.

ದಕ್ಷಿಣ ಆಫ್ರಿಕದಲ್ಲಿ 1960ರ ದಶಕದಿಂದಲೇ ಬೇಲಿ ಹಾಕಿದ ಅಭಯಾರಣ್ಯಗಳಿಗೆ ಚೀತಾ ಬಿಡುವ ಕೆಲಸ ಶುರುವಾಯಿತು. ಮೊದಮೊದಲು ತಂದು ಬಿಟ್ಟು ಕೈ ತೊಳೆದುಕೊಂಡರು. ಸಿಂಹ ಕೊಂದವು ಕೆಲವು, ಬೇಲಿ ನುಸುಳಿ ಹೋದವು ಕೆಲವು. ಉಳಿದ ಕಡೆ ಒಂದೇ ಬೇಲಿಯೊಳಗೆ ಅಣ್ಣತಂಗಿಯರೇ ಕೂಡಿ ಮರಿ ಹಾಕುವ ಸಮಸ್ಯೆ ಬಂತು. 2011ರಲ್ಲಿ ಅಲ್ಲಿನ ಎಂಡೇಂಜರ್ಡ್ ವೈಲ್ಡ್‌ಲೈಫ್ ಟ್ರಸ್ಟ್ ಅನ್ನುವ ಸಂಸ್ಥೆ ಈ ಚದುರಿದ ಗುಂಪುಗಳನ್ನೆಲ್ಲ ಒಂದೇ ಲೆಕ್ಕದಲ್ಲಿ ತಂದಿತು. ಅದನ್ನು ಬಹಳ ವರ್ಷ ಮುನ್ನಡೆಸಿದವರು ವಿನ್ಸೆಂಟ್ ವ್ಯಾನ್ ಡರ್ ಮರ್ವ. ಯಾವ ಅಭಯಾರಣ್ಯದಲ್ಲಿ ಯಾರ ಮಗ, ಯಾರ ಮಗಳು ಇದ್ದಾರೆ ಅಂತ ಪಟ್ಟಿ ಇಟ್ಟುಕೊಂಡು, ಅರಿವಳಿಕೆ ಕೊಟ್ಟು, ಗಾಡಿಯಲ್ಲೋ ಸಣ್ಣ ವಿಮಾನದಲ್ಲೋ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದೇ ಕೆಲಸ. ಇನ್ನೂರರ ಆಸುಪಾಸಿನಲ್ಲಿದ್ದ ಸಂಖ್ಯೆ ಸುಮಾರು ಒಂದು ದಶಕದಲ್ಲಿ ಐನೂರರ ಹತ್ತಿರ ಬಂತು. ಪ್ರಪಂಚದಲ್ಲಿ ಚೀತಾ ಸಂಖ್ಯೆ ಏರಿದ ಜಾಗಗಳು ಬಹಳ ಕಡಿಮೆ. ಇದು ಅದರಲ್ಲಿ ಒಂದು.

ಅಲ್ಲಿಂದಲೇ ಬೇರೆ ದೇಶಗಳಿಗೂ ಹೋದವು. ಮಲಾವಿಯಲ್ಲಿ ಚೀತಾ ಅಳಿದು ದಶಕಗಳಾಗಿದ್ದವು. 2017ರಲ್ಲಿ ಆಫ್ರಿಕನ್ ಪಾರ್ಕ್ಸ್ ಸಂಸ್ಥೆ ಲಿವೊಂಡೆ ಪಾರ್ಕಿಗೆ ತಂದು ಬಿಟ್ಟಿತು, ಮರಿಗಳೂ ಆದವು. ಅಲ್ಲಿ ಒಂದು ನಿರೀಕ್ಷಿಸದ ಲಾಭವೂ ಆಯಿತು: ಚೀತಾ ಮತ್ತು ಆಮೇಲೆ ಬಂದ ಸಿಂಹ ತಿಂದು ಬಿಟ್ಟ ಮಾಂಸಕ್ಕೆ ರಣಹದ್ದುಗಳು ವಾಪಸ್ ಬಂದವು. ಜಾಂಬಿಯದ ಬಂಗ್ವೆಯುಲು ಜೌಗು ಬಯಲಿಗೆ 2020ರಲ್ಲಿ, ಮೊಜಾಂಬಿಕ್‌ನ ಜಾಂಬೆಜಿ ಮುಖಜಭೂಮಿಗೆ 2021ರಲ್ಲಿ ಚೀತಾ ಹೋದವು.

ಈ ದಕ್ಷಿಣ ಆಫ್ರಿಕದ ಮಾದರಿಯಲ್ಲಿ ಮನುಷ್ಯ ಕೈಬಿಟ್ಟರೆ ಆಟ ಮುಗಿಯಿತು. ಗಾಡಿ ನಿಂತರೆ ರಕ್ತಸಂಬಂಧದ ಸಮಸ್ಯೆ ಮತ್ತೆ ಶುರು. ಇದನ್ನು ಕಾಡು ಅನ್ನಬೇಕಾ, ದೊಡ್ಡ ಝೂ ಅನ್ನಬೇಕಾ? ನನ್ನ ಪ್ರಕಾರ ಎರಡರ ನಡುವಿನದ್ದು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ಆದರೆ ‘ಪ್ರಕೃತಿಗೆ ಮರಳಿಸಿದೆವು’ ಅಂತ ಬೀಗುವುದು ಜಾಸ್ತಿಯಾಯಿತು.

ಭಾರತದಲ್ಲಿ ಚೀತಾ ಅಳಿದದ್ದು ಹೇಗೆ, ವಾಪಸ್ ಬಂದದ್ದು ಹೇಗೆ?

1947ರಲ್ಲಿ ಕೊರಿಯಾ ಸಂಸ್ಥಾನದ ಮಹಾರಾಜ ರಾಮಾನುಜ ಪ್ರತಾಪ ಸಿಂಗ್ ದೇವ್ ಮೂರು ಚೀತಾಗಳನ್ನು ಹೊಡೆದರು. ಆ ಜಾಗ ಈಗಿನ ಛತ್ತೀಸಗಡದಲ್ಲಿದೆ. ಭಾರತದಲ್ಲಿ ಕೊನೆಯವು ಅಂತ ಸಾಮಾನ್ಯವಾಗಿ ಹೇಳುವುದು ಇವನ್ನೇ. 1952ರಲ್ಲಿ ಅಳಿದುಹೋಗಿದೆ ಅಂತ ಸರ್ಕಾರ ಘೋಷಿಸಿತು. ಆದರೆ ಎಲ್ಲ ತಪ್ಪನ್ನೂ ಒಂದು ಬಂದೂಕಿನ ಮೇಲೆ ಹೊರಿಸುವುದು ಸರಿಯಲ್ಲ. ಅಷ್ಟರೊಳಗೆ ಬಯಲು ಹೊಲವಾಗಿತ್ತು. ಶತಮಾನಗಳ ಕಾಲ ರಾಜರು ಕೃಷ್ಣಮೃಗದ ಬೇಟೆಗೆ ಅಂತ ಕಾಡಿನ ಚೀತಾಗಳನ್ನು ಹಿಡಿದು ಪಳಗಿಸಿದ್ದರು. ಹಿಡಿದವು ಅರಮನೆಯಲ್ಲಿ ಮರಿ ಹಾಕುತ್ತಿರಲಿಲ್ಲ, ಹಾಗಾಗಿ ಮತ್ತೆ ಮತ್ತೆ ಕಾಡಿನಿಂದಲೇ ಹಿಡಿಯಬೇಕಿತ್ತು. ಬ್ರಿಟಿಷರ ಕಾಲದಲ್ಲಿ ಕೊಂದವರಿಗೆ ಬಹುಮಾನವೂ ಇತ್ತು.

1970ರ ದಶಕದಲ್ಲಿ ಇರಾನಿನಿಂದ ತರುವ ಮಾತುಕತೆ ನಡೆದು ನಿಂತಿತು. 2009ರಲ್ಲಿ ರಾಜಸ್ಥಾನದ ಗಜ್ನೇರ್‌ನಲ್ಲಿ ತಜ್ಞರು ಸೇರಿದ ಮೇಲೆ ವಿಚಾರಕ್ಕೆ ಮತ್ತೆ ಜೀವ ಬಂತು. 2012ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿತು, 2020ರ ಜನವರಿಯಲ್ಲಿ ಪ್ರಯೋಗವಾಗಿ ಮಾಡಿ ಅಂತ ಒಪ್ಪಿಗೆ ಕೊಟ್ಟಿತು. 2022ರ ಸೆಪ್ಟೆಂಬರ್ 17ಕ್ಕೆ ನಮೀಬಿಯದಿಂದ 8 ಚೀತಾಗಳು ಮಧ್ಯಪ್ರದೇಶದ ಕುನೋ ಪಾರ್ಕಿಗೆ ಬಂದಿಳಿದವು. 2023ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕದಿಂದ ಇನ್ನೂ 12 ಬಂದವು.

ಒಂದು ವಿಷಯ ಗಮನಿಸಿ. ಕುನೋವನ್ನು ಸಿದ್ಧ ಮಾಡಿದ್ದು ಚೀತಾಗೆ ಅಲ್ಲ, ಗಿರ್ ಕಾಡಿನ ಸಿಂಹಗಳಿಗೆ. ಅದಕ್ಕಾಗಿ 24 ಹಳ್ಳಿಗಳು ಜಾಗ ಬಿಟ್ಟವು. ಸಿಂಹಗಳನ್ನು ಆರು ತಿಂಗಳೊಳಗೆ ಕಳಿಸಿ ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಸಿಂಹ ಬರಲಿಲ್ಲ, ಚೀತಾ ಬಂತು.

2023ರಲ್ಲಿ ಅಷ್ಟೊಂದು ಚೀತಾಗಳು ಸತ್ತದ್ದು ಯಾಕೆ?

ಆ ವರ್ಷದ ಮಾರ್ಚ್‌ನಿಂದ ಆಗಸ್ಟ್ ಆರಂಭದೊಳಗೆ ಬೆಳೆದ 6 ಚೀತಾಗಳೂ ಕುನೋದಲ್ಲೇ ಹುಟ್ಟಿದ 3 ಮರಿಗಳೂ ಸತ್ತವು. ಕಾರಣ ಒಂದೇ ಅಲ್ಲ. ಒಂದಕ್ಕೆ ಮೂತ್ರಪಿಂಡದ ಕಾಯಿಲೆ ಇತ್ತು. ಒಂದು ಹೆಣ್ಣು ಗಂಡುಗಳ ಜೊತೆ ಕೂಡಲು ಬಿಟ್ಟಾಗ ಆದ ಗಾಯದಿಂದ ಹೋಯಿತು. ಮರಿಗಳು ಮೇ ತಿಂಗಳ ಬಿಸಿಲಿಗೆ ಬಲಿಯಾದವು.

ಆದರೆ ತಜ್ಞರನ್ನೂ ಬೆಚ್ಚಿಬೀಳಿಸಿದ್ದು ಮಳೆಗಾಲದ ಮೂರು ಸಾವುಗಳು. ದಕ್ಷಿಣ ಗೋಳಾರ್ಧದಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಚಳಿಗಾಲ. ಅಲ್ಲಿನ ಚೀತಾ ಆ ಹೊತ್ತಿಗೆ ದಪ್ಪ ತುಪ್ಪಳ ಬೆಳೆಸಿಕೊಳ್ಳುತ್ತದೆ. ಭಾರತಕ್ಕೆ ಬಂದು ತಿಂಗಳುಗಳಾದರೂ ಮೈಗೆ ಹಳೇ ಪಂಚಾಂಗವೇ ನೆನಪಿತ್ತು. ಇಲ್ಲಿ ಸೆಕೆ, ಮೇಲಿಂದ ಮಳೆ, ಮೈಮೇಲೆ ಚಳಿಗಾಲದ ಕೋಟು. ಒದ್ದೆ ತುಪ್ಪಳದಡಿ ಕತ್ತು, ಬೆನ್ನಿನ ಮೇಲೆ ಗಾಯವಾಯಿತು. ಅದರಲ್ಲಿ ನೊಣ ಮೊಟ್ಟೆ ಇಟ್ಟು ಹುಳು ಬಿತ್ತು, ನಂಜು ರಕ್ತಕ್ಕೆ ಏರಿತು. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ, ಯಾಕೆಂದರೆ ಕೂದಲು ಎಲ್ಲವನ್ನೂ ಮುಚ್ಚಿರುತ್ತದೆ. ಎಲ್ಲಿದೆ ಅಂತ ತಿಳಿಯಲು ಕತ್ತಿಗೆ ಕಟ್ಟಿದ ರೇಡಿಯೊ ಕಾಲರ್ ಉಜ್ಜಿದ್ದೂ ಸೇರಿಕೊಂಡಿತು ಅಂತ ಕೆಲವರು ಹೇಳಿದರು, ಅಧಿಕಾರಿಗಳು ಒಪ್ಪಲಿಲ್ಲ.

ಆಮೇಲೆ ಎಲ್ಲವನ್ನೂ ಹಿಡಿದು ಬೇಲಿಯೊಳಗೆ ತಂದರು. ಮುಂದಿನ ವರ್ಷದಿಂದ ಮಳೆಗೆ ಮುಂಚೆಯೇ ಹುಳು, ಉಣ್ಣಿ ತಡೆಯುವ ಔಷಧಿ ಹಾಕುವುದು ರೂಢಿಯಾಯಿತು. ಭೂಮಧ್ಯರೇಖೆಗೆ ಹತ್ತಿರದ ದೇಶಗಳಿಂದ ಚೀತಾ ತರುವುದು ಮೇಲು ಅನ್ನುವ ಚರ್ಚೆಯೂ ಎದ್ದಿತು. ನನಗೆ ಇದರಿಂದ ಅನ್ನಿಸುವುದು ಇಷ್ಟು: ಮಣ್ಣು, ಮಳೆ, ಜಿಂಕೆ ಎಣಿಕೆ ಎಲ್ಲ ಪಟ್ಟಿ ಮಾಡಿದ್ದರು. ಪ್ರಾಣಿಯ ಮೈಯೊಳಗಿನ ಗಡಿಯಾರ ಯಾರ ಪಟ್ಟಿಯಲ್ಲೂ ಮೇಲೆ ಇರಲಿಲ್ಲ.

ಆಫ್ರಿಕದ ಚೀತಾ ತಂದು ಏಷ್ಯಾದ್ದರ ಜಾಗದಲ್ಲಿ ಬಿಡುವುದು ಸರಿಯಾ?

ಎರಡೂ ಒಂದೇ ಜಾತಿ, ಉಪಜಾತಿ ಬೇರೆ. ಬೇರೆಯಾಗಿ ಹತ್ತಾರು ಸಾವಿರ ವರ್ಷಗಳಾಗಿವೆ. ಶುದ್ಧವಾಗಿ ನೋಡಿದರೆ ಏಷ್ಯಾದ್ದೇ ಬೇಕು. ಆದರೆ ಇರಾನಿನ ಆ ಕೆಲವೇ ಪ್ರಾಣಿಗಳಲ್ಲಿ ನಾಲ್ಕನ್ನು ಎತ್ತಿಕೊಂಡು ಬಂದರೂ ಅಲ್ಲಿ ದೊಡ್ಡ ನಷ್ಟ. ಹಾಗಾಗಿ ಆಫ್ರಿಕದ್ದು ಅನ್ನುವುದು ಆಯ್ಕೆಗಿಂತ ಅನಿವಾರ್ಯ. ಇದರ ಮೇಲೆ ನಾನು ಜಾಸ್ತಿ ತಲೆಕೆಡಿಸಿಕೊಳ್ಳುವುದಿಲ್ಲ. ಜಾಗದ ಪ್ರಶ್ನೆ ಇದಕ್ಕಿಂತ ದೊಡ್ಡದು.

ಹಾಗಾದರೆ ಒಂದು ಚೀತಾಗೆ ಎಷ್ಟು ಜಾಗ ಬೇಕು?

ಟಾಂಜಾನಿಯದ ಸೆರೆಂಗೆಟಿ ಬಯಲಿನಲ್ಲಿ ಒಂದು ಹೆಣ್ಣು ಚೀತಾ ಸುಮಾರು 800 ಚದರ ಕಿಲೋಮೀಟರ್ ಸುತ್ತುತ್ತದೆ. ಕುನೋ ನ್ಯಾಷನಲ್ ಪಾರ್ಕ್ ಇಡಿಯಾಗಿ 748 ಚದರ ಕಿಲೋಮೀಟರ್. ಲೆಕ್ಕ ಅಷ್ಟು ನೇರವಲ್ಲ, ಹೆಣ್ಣುಗಳ ಸುತ್ತಾಟದ ಜಾಗ ಒಂದರ ಮೇಲೊಂದು ಬರುತ್ತದೆ. ಬೇಟೆಗೆ ಸಿಗುವ ಪ್ರಾಣಿ ಹೆಚ್ಚಿದ್ದರೆ ಕಡಿಮೆ ಜಾಗ ಸಾಕು ಅನ್ನುವುದು ಕುನೋ ಯೋಜನೆಯವರ ನಂಬಿಕೆ. ಪಾರ್ಕಿನಲ್ಲಿ 21, ಸುತ್ತಲಿನ ಪ್ರದೇಶವೂ ಸೇರಿದರೆ 36 ಹಿಡಿಸುತ್ತವೆ ಅಂತ ಅವರ ಅಂದಾಜು.

ಇದಕ್ಕೆ ಗಟ್ಟಿಯಾದ ಆಕ್ಷೇಪ ಬಂದದ್ದು ನಮೀಬಿಯದಲ್ಲಿ ದಶಕಗಳ ಕಾಲ ಚೀತಾ ಹಿಂಬಾಲಿಸಿದ ಜರ್ಮನಿಯ ಸಂಶೋಧಕರಿಂದ. ಅವರು ಕಂಡದ್ದು ಹೀಗೆ. ಕೆಲವು ಗಂಡುಗಳು, ಒಂಟಿಯಾಗಿಯೋ ಅಣ್ಣತಮ್ಮಂದಿರ ಜೊತೆಯೋ, ಒಂದು ಜಾಗ ಹಿಡಿದು ಕೂರುತ್ತವೆ. ಅಲ್ಲಿ ಕೆಲವು ಗುರುತಿನ ಮರಗಳಿರುತ್ತವೆ. ಮರಕ್ಕೆ ಮೂತ್ರ ಹೊಯ್ದು ವಾಸನೆ ಬಿಟ್ಟು ಹೋಗುವುದು, ಬೇರೆಯವರ ವಾಸನೆ ಓದುವುದು ದಿನದ ಕೆಲಸ. ಜಾಗ ಇಲ್ಲದ ಗಂಡುಗಳು, ಹೆಣ್ಣುಗಳು ಎಲ್ಲ ಅದೇ ಮರಗಳಿಗೆ ಬಂದು ಸುದ್ದಿ ತಿಳಿದು ಹೋಗುತ್ತವೆ. ಇಂಥ ಒಂದು ಜಾಗದಿಂದ ಇನ್ನೊಂದಕ್ಕೆ ಇರುವ ದೂರ ಸುಮಾರು 20ರಿಂದ 23 ಕಿಲೋಮೀಟರ್. ಬೇಟೆ ಜಾಸ್ತಿ ಇದ್ದರೂ ಕಡಿಮೆ ಇದ್ದರೂ ಈ ದೂರ ಹೆಚ್ಚು ಬದಲಾಗುವುದಿಲ್ಲ ಅನ್ನುತ್ತಾರೆ ಅವರು. ಹಾಗಿದ್ದರೆ ಕುನೋದಂಥ ಪಾರ್ಕಿನಲ್ಲಿ ಎರಡು ಮೂರು ಗುಂಪಿಗೆ ಜಾಗ ತುಂಬಿಹೋಗುತ್ತದೆ. ಉಳಿದವು ಹೊರಗೆ ಹೆಜ್ಜೆ ಹಾಕಲೇಬೇಕು.

ಹಾಕಿದವು ಕೂಡ. 2023ರ ಏಪ್ರಿಲ್‌ನಲ್ಲಿ ಪವನ್ ಅನ್ನುವ ಗಂಡು ಪಾರ್ಕ್ ದಾಟಿ ಹೊಲಗಳ ನಡುವೆ ಕಾಣಿಸಿಕೊಂಡಿತು. ಉತ್ತರಪ್ರದೇಶದ ಕಡೆಗೆ ಹೊರಟಿದ್ದಾಗ ಅರಿವಳಿಕೆ ಕೊಟ್ಟು ಹಿಡಿದು ತಂದರು. ಆಂಟೆನಾ ಹಿಡಿದ ಸಿಬ್ಬಂದಿ ಹಗಲು ರಾತ್ರಿ ಜೀಪಿನಲ್ಲಿ ಅದರ ಹಿಂದೆಯೇ ಓಡಾಡಿದ್ದರು. ಜನ ಇದನ್ನು ‘ದಾರಿ ತಪ್ಪಿತು’ ಅಂದರು. ಅದು ದಾರಿ ತಪ್ಪಿರಲಿಲ್ಲ, ಚೀತಾ ಮಾಡಬೇಕಾದದ್ದನ್ನೇ ಮಾಡುತ್ತಿತ್ತು.

ಹುಲಿ ಸಂಶೋಧಕ ಉಲ್ಲಾಸ ಕಾರಂತರು ಮತ್ತಿತರರು ಮೊದಲಿಂದ ಹೇಳುತ್ತಾ ಬಂದದ್ದೂ ಇದನ್ನೇ: ಮೊದಲು ಜನ, ದನ, ನಾಯಿಗಳ ಒತ್ತಡ ಇಲ್ಲದ ವಿಶಾಲ ಬಯಲು ಮಾಡಿ, ಆಮೇಲೆ ಚೀತಾ ತನ್ನಿ. ನನ್ನ ಮತವೂ ಈ ಕಡೆಗೇ. ಚೀತಾ ತರಲು ಒಂದು ವಿಮಾನ ಸಾಕು. ಅದು ಹೊರಗೆ ನಡೆದಾಗ ಎಲ್ಲಿಗೆ ಹೋಗಬೇಕು ಅನ್ನುವುದಕ್ಕೆ ಉತ್ತರ ಬೇಕು.

ಸುತ್ತ ಬೇಲಿ ಹಾಕಿಬಿಟ್ಟರೆ ಆಯ್ತಲ್ವಾ?

ಬೇಲಿ ಹಾಕಿದರೆ ಚೀತಾ ಬದುಕುವ ಸಾಧ್ಯತೆ ಜಾಸ್ತಿ. ದಕ್ಷಿಣ ಆಫ್ರಿಕದ ಅನುಭವ ಇದನ್ನು ತೋರಿಸಿದೆ. ಬೇಲಿ ಇಲ್ಲದ ಕಡೆ ಹೊಸದಾಗಿ ಬಿಟ್ಟವು ನೂರಾರು ಕಿಲೋಮೀಟರ್ ಅಲೆಯುತ್ತವೆ. ಬೋಟ್ಸ್ವಾನದಲ್ಲಿ ರೈತರ ಜಮೀನಿನಿಂದ ಹಿಡಿದು ಬೇರೆ ಕಡೆ ಬಿಟ್ಟ ಚೀತಾಗಳಲ್ಲಿ ಒಂದು ವರ್ಷ ಬದುಕಿದ್ದು ಐದರಲ್ಲಿ ಒಂದಕ್ಕಿಂತ ಕಡಿಮೆ. ಆದರೆ ಬೇಲಿ ಜಿಂಕೆ, ತೋಳ, ನರಿಗಳ ದಾರಿಯನ್ನೂ ಕಟ್ಟುತ್ತದೆ. ದುಡ್ಡು, ಕಾವಲು ಎಂದೆಂದಿಗೂ ಬೇಕು. ಭಾರತದ ಪಾರ್ಕುಗಳಲ್ಲಿ ಬೇಲಿ ಹಾಕುವ ಪದ್ಧತಿಯೂ ಇಲ್ಲ. 2025ರ ಏಪ್ರಿಲ್‌ನಲ್ಲಿ ಎರಡು ಗಂಡುಗಳನ್ನು ಒಯ್ದು ಬಿಟ್ಟ ಮಧ್ಯಪ್ರದೇಶದ ಗಾಂಧಿಸಾಗರ ಅಭಯಾರಣ್ಯದಲ್ಲಿ ಮಾತ್ರ ಒಂದು ಭಾಗಕ್ಕೆ ಬೇಲಿ ಕಟ್ಟಿದ್ದಾರೆ.

ಸಿಂಹ, ಚಿರತೆ ಇರುವ ಕಡೆ ಬಿಡಬಹುದಾ?

ಬಿಡಬಹುದು, ಹುಷಾರಾಗಿ. ಚೀತಾ ಓಟಕ್ಕೆ ಹುಟ್ಟಿದೆ, ಜಗಳಕ್ಕಲ್ಲ. ಸಿಂಹ ಬಂದರೆ ಹಿಡಿದ ಬೇಟೆ ಬಿಟ್ಟು ಜಾಗ ಖಾಲಿ ಮಾಡುತ್ತದೆ. ಸೆರೆಂಗೆಟಿಯ ಒಂದು ಹೆಸರಾಂತ ಅಧ್ಯಯನದಲ್ಲಿ ನೂರು ಮರಿಗಳಲ್ಲಿ ದೊಡ್ಡದಾಗಿ ಬೇರೆಯಾಗುವಷ್ಟು ಬದುಕಿದ್ದು ಸುಮಾರು ಐದು ಮಾತ್ರ. ಬಹುಪಾಲು ಸಿಂಹ, ಕತ್ತೆಕಿರುಬಗಳಿಗೆ ಬಲಿಯಾದವು. ದಕ್ಷಿಣ ಆಫ್ರಿಕದ ಕಡೆಯ ಕಲಹಾರಿ ಮರುಭೂಮಿಯಲ್ಲಿ ಮರಿಗಳು ಇದಕ್ಕಿಂತ ಎಷ್ಟೋ ಹೆಚ್ಚು ಉಳಿದವು.

ಇಲ್ಲಿ ಮೂಲ ಮುಖ್ಯ. ಸಿಂಹವನ್ನೇ ಕಾಣದೆ ಬೆಳೆದ ಚೀತಾವನ್ನು ಸಿಂಹಗಳ ನಡುವೆ ಬಿಟ್ಟರೆ ಅದಕ್ಕೆ ಅಪಾಯವೇ ಗೊತ್ತಾಗುವುದಿಲ್ಲ. ಹಾಗಾಗಿ ‘ಸಿಂಹ ಕಂಡು ಬೆಳೆದ’ ಚೀತಾಗಳನ್ನೇ ಆರಿಸುತ್ತಾರೆ.

ಝೂನಲ್ಲಿ ಮರಿ ಮಾಡಿಸಿ ಬಿಟ್ಟರೆ ಸುಲಭ ಅಲ್ವಾ?

ಮರಿ ಮಾಡಿಸುವುದೇ ಹರಸಾಹಸ. ಅಕ್ಬರನ ಬಳಿ ಬೇಟೆಗೆ ಪಳಗಿಸಿದ ನೂರಾರು ಚೀತಾಗಳಿದ್ದವು. ಆದರೂ ಮೊಘಲರ ಕಾಲದಲ್ಲಿ ಸೆರೆಯಲ್ಲಿ ಮರಿ ಹಾಕಿದ್ದು ಒಂದೇ ಒಂದು ಸಲ ದಾಖಲಾಗಿದೆ, ಜಹಾಂಗೀರನ ಕಾಲದಲ್ಲಿ. ಆಮೇಲೆ ಝೂನಲ್ಲಿ ಮರಿ ಹುಟ್ಟಿದ್ದು 1956ರಲ್ಲಿ, ಫಿಲಡೆಲ್ಫಿಯದಲ್ಲಿ. ಒಂದು ಗಂಡು ಒಂದು ಹೆಣ್ಣನ್ನು ಸುಮ್ನೆ ಒಂದೇ ಗೂಡಿಗೆ ಹಾಕಿದರೆ ಚೀತಾ ಮುಖ ತಿರುಗಿಸಿ ಕೂರುತ್ತದೆ. ಹೆಣ್ಣಿಗೆ ಆಯ್ಕೆ ಬೇಕು.

ಹುಟ್ಟಿದವನ್ನು ಕಾಡಿಗೆ ಬಿಡುವುದು ಇನ್ನೂ ಕಷ್ಟ, ಅಸಾಧ್ಯ ಅಲ್ಲ. ಅಟ್ಟಿಸಿಕೊಂಡು ಓಡುವುದು ರಕ್ತದಲ್ಲೇ ಇದೆ. ಕತ್ತು ಹಿಡಿದು ಕೊಲ್ಲುವುದು, ಬೇಗ ತಿಂದು ಹೋಗುವುದು ತಾಯಿಯಿಂದ ಕಲಿಯುವ ವಿದ್ಯೆ. ಕುನೋದ ಮುಖಿಯ ಕಥೆ ಕೇಳಿ. 2023ರ ಬಿಸಿಲಿಗೆ ಮೂರು ಒಡಹುಟ್ಟುಗಳು ಸತ್ತಾಗ ಉಳಿದ ಒಂದೇ ಮರಿ ಅದು. ಕೈಯಲ್ಲಿ ಸಾಕಿದರು. ಆಮೇಲೆ ತಾಯಿಯ ಬಳಿ ಬಿಟ್ಟರೆ ತಾಯಿ ಸೇರಿಸಲಿಲ್ಲ. ಅದೇ ಮುಖಿ 2025ರ ನವೆಂಬರ್‌ನಲ್ಲಿ ಐದು ಮರಿ ಹಾಕಿತು. ಭಾರತದಲ್ಲಿ ಹುಟ್ಟಿ, ಬೆಳೆದು, ತಾನೂ ತಾಯಿಯಾದ ಮೊದಲ ಹೆಣ್ಣು. ಯೋಜನೆಯ ಬಗ್ಗೆ ನನಗೆ ಎಷ್ಟೇ ತಕರಾರಿದ್ದರೂ ಈ ಸುದ್ದಿ ಓದಿ ಖುಷಿಯಾಯಿತು.

ಎಲ್ಲ ಚೀತಾಗಳೂ ಹತ್ತಿರದ ಸಂಬಂಧಿಗಳಂತೆ, ನಿಜಾನಾ?

ನಿಜ. ಹತ್ತು ಹನ್ನೆರಡು ಸಾವಿರ ವರ್ಷಗಳ ಹಿಂದೆ ಅವುಗಳ ಸಂಖ್ಯೆ ತೀರಾ ಕುಸಿದು, ಉಳಿದ ಕೆಲವೇ ಪ್ರಾಣಿಗಳಿಂದ ಈಗಿನವೆಲ್ಲ ಬಂದಿವೆ ಅಂತ ತಳಿವಿಜ್ಞಾನಿಗಳು ಹೇಳುತ್ತಾರೆ. 1980ರ ದಶಕದಲ್ಲಿ ಸ್ಟೀಫನ್ ಓಬ್ರಿಯನ್ ತಂಡ ಒಂದು ಚೀತಾದ ಚರ್ಮದ ತುಂಡನ್ನು ಸಂಬಂಧವೇ ಇಲ್ಲದ ಇನ್ನೊಂದಕ್ಕೆ ಕಸಿ ಮಾಡಿತು. ಬೇರೆ ಪ್ರಾಣಿಯಲ್ಲಾದರೆ ಮೈ ಅದನ್ನು ಬೇಗ ತಿರಸ್ಕರಿಸಬೇಕು. ಚೀತಾ ಮೈ ತನ್ನದೇ ಅನ್ನುವ ಹಾಗೆ ಒಪ್ಪಿಕೊಂಡಿತು. ಅದೇ ಕಾಲದಲ್ಲಿ ಅಮೆರಿಕದ ಆರೆಗನ್‌ನ ಒಂದು ಪಾರ್ಕಿನಲ್ಲಿ ಬೆಕ್ಕುಗಳಿಗೆ ಬರುವ ಒಂದು ವೈರಸ್ ಹೊಕ್ಕು ಅಲ್ಲಿದ್ದ ಚೀತಾಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತವು. ಒಂದಕ್ಕೆ ತಾಗಿದ್ದು ಎಲ್ಲಕ್ಕೂ ತಾಗುತ್ತದೆ.

ಹೊಸ ಜಾಗಕ್ಕೆ ಎಂಟು ಹತ್ತು ತಂದು ನಿಲ್ಲಿಸಿದರೆ ತಳಿ ವೈವಿಧ್ಯದ ಈ ಬಡತನ ಇನ್ನೂ ಹೆಚ್ಚುತ್ತದೆ. ಅದಕ್ಕೇ ವರ್ಷ ವರ್ಷ ಹೊಸ ರಕ್ತ ಸೇರಿಸುತ್ತಿರಬೇಕು.

ತಂದ ಮೇಲೆ ಬಿಡುವ ಕ್ರಮ ಹೇಗೆ?

ಹೊರಡುವ ಮೊದಲು ರಕ್ತಪರೀಕ್ಷೆ, ಲಸಿಕೆ, ಕ್ವಾರಂಟೈನ್. ಪ್ರಯಾಣಕ್ಕೆ ಮುಂಚೆ ಊಟ ಕೊಡುವುದಿಲ್ಲ, ದಾರಿಯಲ್ಲಿ ವಾಂತಿಯಾಗಬಾರದು ಅಂತ. ಇಳಿದ ಮೇಲೆ ಮತ್ತೆ ಸಣ್ಣ ಬೇಲಿಯಲ್ಲಿ ಕ್ವಾರಂಟೈನ್. ಆಮೇಲೆ ಒಳಗೆ ಜಿಂಕೆಗಳಿರುವ ದೊಡ್ಡ ಬೇಲಿ. ತಾನೇ ಬೇಟೆಯಾಡಿ ಹೊಟ್ಟೆ ತುಂಬಿಸಿಕೊಳ್ಳುತ್ತದೆ ಅಂತ ಖಾತ್ರಿಯಾದ ಮೇಲೆ ಬಾಗಿಲು ತೆರೆಯುತ್ತಾರೆ. ಹೀಗೆ ಕೆಲವು ವಾರ, ತಿಂಗಳು ಇಟ್ಟು ಬಿಟ್ಟರೆ ಹಳೇ ಊರಿನ ಕಡೆ ಓಡುವ ಚಟ ಸ್ವಲ್ಪ ಕಡಿಮೆ. ಆದರೆ ತೀರಾ ಜಾಸ್ತಿ ದಿನ ಇಟ್ಟರೆ ಸ್ನಾಯು ಸಡಿಲ, ಮನುಷ್ಯರ ಸಲುಗೆ ಜಾಸ್ತಿ. ಕುನೋದಲ್ಲಿ 2023ರ ಮಳೆಗಾಲದಲ್ಲಿ ಒಳಗೆ ಹಾಕಿದವನ್ನು ಮತ್ತೆ ಹೊರಗೆ ಬಿಡುವ ಕೆಲಸ ಸರಿಯಾಗಿ ಶುರುವಾಗಿದ್ದು 2024ರ ಡಿಸೆಂಬರ್‌ನಲ್ಲಿ. ಇದು ತೀರಾ ತಡವಾಯಿತು ಅಂದವರಲ್ಲಿ ನಾನೂ ಒಬ್ಬ.

ಅಮೆರಿಕಕ್ಕೆ ಚೀತಾ ಒಯ್ಯುವ ಮಾತು ತಮಾಷೆಯಾ?

ತಮಾಷೆಯಲ್ಲ. 2005ರಲ್ಲಿ ಜಾಶ್ ಡಾನ್ಲನ್ ಮತ್ತು ಇತರ ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಗಂಭೀರವಾಗಿಯೇ ಬರೆದರು. ಉತ್ತರ ಅಮೆರಿಕದಲ್ಲಿ ಹಿಮಯುಗದ ಕೊನೆಗೆ ಚೀತಾ ಥರದ ಒಂದು ಬೆಕ್ಕು ಇತ್ತು, ಅಳಿಯಿತು. ಅಲ್ಲಿನ ಪ್ರಾಂಗ್‌ಹಾರ್ನ್ ಅನ್ನುವ ಜಿಂಕೆಯಂಥ ಪ್ರಾಣಿ ಈಗಿನ ಯಾವ ಬೇಟೆಗಾರನಿಗೂ ಅಗತ್ಯವೇ ಇಲ್ಲದಷ್ಟು ವೇಗವಾಗಿ ಓಡುತ್ತದೆ. ಸತ್ತುಹೋದ ಆ ಬೆಕ್ಕಿನಿಂದ ತಪ್ಪಿಸಿಕೊಳ್ಳಲು ಕಲಿತ ಓಟ ಅದು ಅನ್ನುವವರಿದ್ದಾರೆ. ಹಾಗಾದರೆ ಆಫ್ರಿಕದ ಚೀತಾ ತಂದು ಆ ಜಾಗ ತುಂಬಿಸೋಣ ಅನ್ನುವುದು ಪ್ರಸ್ತಾಪ.

ಆದರೆ ಡಿಎನ್ಎ ನೋಡಿದಾಗ ಆ ಹಳೇ ಬೆಕ್ಕು ಚೀತಾಗಿಂತ ಅಮೆರಿಕದ್ದೇ ಆದ ಪೂಮಾ ಅನ್ನುವ ಬೆಕ್ಕಿಗೆ ಹತ್ತಿರ ಅಂತ ತಿಳಿಯಿತು. ಹತ್ತು ಸಾವಿರ ವರ್ಷ ಕಳೆದಿದೆ, ಆ ಬಯಲೆಲ್ಲ ದನದ ಫಾರಂ ಆಗಿದೆ. ಓದಲು ಮಜಾ, ಮಾಡಲು ಬೇಡ ಅನ್ನುವ ಪಟ್ಟಿಗೆ ಸೇರಿಸುತ್ತೇನೆ. ಇನ್ನು ಆಸ್ಟ್ರೇಲಿಯಕ್ಕೆ ಒಯ್ಯುವ ಮಾತು ಆಡುವವರಿಗೆ ಒಂದೇ ಉತ್ತರ: 1935ರಲ್ಲಿ ಕಬ್ಬಿನ ಹುಳು ತಿನ್ನಲಿ ಅಂತ ಅಲ್ಲಿಗೆ ತಂದ ಕಪ್ಪೆ ತಾನೇ ಪೀಡೆಯಾದ ಕಥೆ ಓದಿ.

ಅರೇಬಿಯಕ್ಕೆ?

ಅಲ್ಲಿ ವಿಷಯ ಬೇರೆ. ಚೀತಾ ಅಲ್ಲಿ ನಿಜಕ್ಕೂ ಇತ್ತು. ಉತ್ತರ ಸೌದಿಯ ಅರಾರ್ ಬಳಿಯ ಗುಹೆಗಳಲ್ಲಿ ತಾವಾಗಿಯೇ ಒಣಗಿ ಉಳಿದ ಚೀತಾ ದೇಹಗಳು ಸಿಕ್ಕಿವೆ. ಮತ್ತೆ ತರುವ ಕೆಲಸಕ್ಕೆ ಸೌದಿ ಸರ್ಕಾರ ಕೈಹಾಕಿದೆ. ಬೇಸರದ ಮಾತೆಂದರೆ ಆಫ್ರಿಕದ ಸೋಮಾಲಿಲ್ಯಾಂಡ್ ದಾರಿಯಲ್ಲಿ ಕಳ್ಳಸಾಗಣೆಯಾಗುವ ಮರಿಗಳು ಸೇರುವುದೂ ಕೊಲ್ಲಿಯ ದೇಶಗಳ ಶ್ರೀಮಂತರ ಮನೆಗೇ. ಒಂದು ಕೈಯಲ್ಲಿ ಕಾಡಿಗೆ ಬಿಟ್ಟು ಇನ್ನೊಂದು ಕೈಯಲ್ಲಿ ಕಾರಿನ ಸೀಟಿನಲ್ಲಿ ಕೂರಿಸಿಕೊಂಡರೆ ಆಗುವುದಿಲ್ಲ.

ಮನುಷ್ಯರ ಮೇಲೆ ಬೀಳುತ್ತದಾ? ಕುರಿ ಮೇಕೆ?

ಕಾಡಿನ ಚೀತಾ ಮನುಷ್ಯನನ್ನು ಕೊಂದ ಖಚಿತ ದಾಖಲೆ ಇಲ್ಲ. ಸಾಕಿದವು, ಸೆರೆಯಲ್ಲಿದ್ದವು ಕಚ್ಚಿದ್ದುಂಟು. ಮೇಕೆ, ಕುರಿ, ಎಳೆಗರು ಹಿಡಿಯುವುದು ನಿಜ.

ಇದಕ್ಕೆ ಪರಿಹಾರಗಳಿವೆ. ನಮೀಬಿಯದಲ್ಲಿ ಲಾರಿ ಮಾರ್ಕರ್ ಕಟ್ಟಿದ ಚೀತಾ ಕನ್ಸರ್ವೇಷನ್ ಫಂಡ್ 1994ರಿಂದ ರೈತರಿಗೆ ದೊಡ್ಡ ಜಾತಿಯ ಕಾವಲು ನಾಯಿಗಳನ್ನು ಕೊಡುತ್ತಾ ಬಂದಿದೆ. ನಾಯಿ ಮರಿಯಾಗಿದ್ದಾಗಲೇ ಮಂದೆಯಲ್ಲಿ ಬೆಳೆಯುತ್ತದೆ, ಚೀತಾ ಬಂದರೆ ಬೊಗಳಿ ಅಡ್ಡ ನಿಲ್ಲುತ್ತದೆ. ಚೀತಾ ಜಗಳಕ್ಕೆ ಬರದೆ ಹೋಗುತ್ತದೆ. ಇನ್ನೊಂದು, ಮೇಲೆ ಹೇಳಿದ ಗುರುತಿನ ಮರಗಳ ಅಧ್ಯಯನದಿಂದ ಬಂದದ್ದು: ಎಳೆಗರುಗಳಿರುವ ದನಗಳನ್ನು ಆ ಮರಗಳ ಸುತ್ತಲಿಂದ ದೂರ ಮೇಯಿಸಿದ ರೈತರಿಗೆ ನಷ್ಟ ಶೇ 86ರಷ್ಟು ಕಡಿಮೆಯಾಯಿತು. ಖರ್ಚಿಲ್ಲ, ಬಂದೂಕಿಲ್ಲ. ಎಲ್ಲಿ ಮೇಯಿಸಬಾರದು ಅಂತ ತಿಳಿದರೆ ಸಾಕು.

ಪರಿಹಾರದ ಹಣ ತಿಂಗಳುಗಟ್ಟಲೆ ತಡವಾದರೆ ಮಾತ್ರ ಯಾವ ಉಪಾಯವೂ ನಡೆಯುವುದಿಲ್ಲ. ಮೇಕೆ ಹೋದವನಿಗೆ ಆ ವಾರವೇ ದುಡ್ಡು ಬೇಕು.

ಹುಲ್ಲುಗಾವಲು ಉಳಿಯುತ್ತದೆ ಅನ್ನುತ್ತಾರಲ್ಲ, ಉಳಿದಿದೆಯಾ?

ಯೋಜನೆಯ ಪರವಾಗಿರುವ ಒಳ್ಳೆಯ ವಾದ ಇದೇ. ಭಾರತದಲ್ಲಿ ಹುಲ್ಲುಗಾವಲನ್ನು ಸರ್ಕಾರಿ ಕಡತಗಳು ಬಂಜರು ಭೂಮಿ ಅಂತ ಬರೆದುಕೊಂಡಿವೆ. ಅಲ್ಲಿ ಸೋಲಾರ್ ಫಲಕ ಬರುತ್ತದೆ, ಇಲ್ಲವೇ ನೆಡಬಾರದ ಮರ ನೆಡುತ್ತಾರೆ. ಹೆಬ್ಬಕ (ಎರೆಭೂತ), ತೋಳ, ಕೃಷ್ಣಮೃಗ ಎಲ್ಲ ಜಾಗ ಕಳೆದುಕೊಂಡಿವೆ. ಹುಲಿಯ ಹೆಸರಲ್ಲಿ ಕಾಡು ಉಳಿದ ಹಾಗೆ ಚೀತಾ ಹೆಸರಲ್ಲಿ ಬಯಲು ಉಳಿಯಲಿ ಅನ್ನುವ ಆಸೆ ತಪ್ಪಲ್ಲ. ಆದರೆ ಕುನೋದಲ್ಲಿ ಬಹುಪಾಲು ಮರಗಳ ಕಾಡು, ಹುಲ್ಲುಗಾವಲು ತುಂಡು ತುಂಡು. ಗುಜರಾತಿನ ಬನ್ನಿಯಂಥ ನಿಜವಾದ ಬಯಲಿನ ಕೆಲಸ ಮುಂದೆ ಹೋದರೆ ಈ ವಾದಕ್ಕೆ ಬಲ ಬರುತ್ತದೆ.

ಕೈಗೂಡಿತು ಅಂತ ಯಾವಾಗ ಹೇಳಬಹುದು?

ಮರಿ ಹುಟ್ಟಿದ ದಿನ ಅಲ್ಲ. ಕಾಡಿನಲ್ಲೇ ಹುಟ್ಟಿದ ಮರಿಗಳು ಬೇಲಿಯ ಹೊರಗೆ ಬೆಳೆದು, ತಾವೇ ಮರಿ ಹಾಕಿ, ಹುಟ್ಟು ಸಾವಿಗಿಂತ ಜಾಸ್ತಿಯಾಗಿ, ಹೀಗೆ ಹತ್ತು ಹದಿನೈದು ವರ್ಷ ನಡೆಯಬೇಕು. ಹೊರಗಿನಿಂದ ತಂದವನ್ನು ಬೇರೆಯಾಗಿ ಎಣಿಸಬೇಕು, ಇಲ್ಲವಾದರೆ ಸಂಖ್ಯೆ ಏರಿದ್ದು ಹುಟ್ಟಿನಿಂದಲೋ ವಿಮಾನದಿಂದಲೋ ಗೊತ್ತಾಗುವುದಿಲ್ಲ. ಸತ್ತವುಗಳ ಮರಣೋತ್ತರ ವರದಿ ಎಲ್ಲರಿಗೂ ಸಿಗಬೇಕು. ಪ್ರಯೋಗ ಅಂದಮೇಲೆ ಸೋತ ಪುಟಗಳೂ ತೆರೆದಿರಬೇಕಲ್ವಾ?

ಹೊಲದ ಬದಿಯಲ್ಲಿ ಕಾಲರ್ ಹಾಕಿದ ಚೀತಾ ಕಂಡರೆ ಏನು ಮಾಡಬೇಕು?

ನಿಂತಲ್ಲೇ ನಿಲ್ಲಿ, ಅಟ್ಟಬೇಡಿ, ಕಲ್ಲು ಎಸೆಯಬೇಡಿ. ಅರಣ್ಯ ಇಲಾಖೆಗೆ ಫೋನ್ ಮಾಡಿ. ಕುನೋ ಸುತ್ತಲಿನ ಹಳ್ಳಿಗಳಲ್ಲಿ ‘ಚೀತಾ ಮಿತ್ರ’ ಅಂತ ಸ್ವಯಂಸೇವಕರಿದ್ದಾರೆ, ಅವರಿಗೆ ಹೇಳಿದರೂ ಆಯಿತು. ಬೇಟೆ ಹಿಡಿದು ಕೂತಿದ್ದರೆ ಹತ್ತಿರ ಹೋಗಿ ವಿಡಿಯೊ ಮಾಡಬೇಡಿ. ಜನ ಸೇರಿದರೆ ಬಿಟ್ಟು ಓಡುತ್ತದೆ, ಮತ್ತೆ ಹೊಟ್ಟೆ ತುಂಬಿಸಿಕೊಳ್ಳಲು ಇನ್ನೊಂದು ಓಟ ಓಡಬೇಕು. ನಾಯಿಗಳನ್ನು ಕಟ್ಟಿಹಾಕಿ. ಮೇಕೆ ಹಿಡಿದಿದ್ದರೆ ಸತ್ತ ಮೇಕೆಯನ್ನು ಅಲ್ಲಿಂದ ತೆಗೆಯಬೇಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಪರಿಹಾರ ಕೇಳುವಾಗ ಅದೇ ಸಾಕ್ಷಿ.